ಕಲ್ಲುಹೂವು ಹೇಳಿದ ಗಾಳಿಸುದ್ದಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೆ ಈ ಪ್ರಶ್ನೆಯ ಪರಿಚಯ ಮಾಡಿಕೊಡಬೇಕಿಲ್ಲ. ‘ಕೆಳಗಿನವುಗಳಲ್ಲಿ ವಾಯುಮಾಲಿನ್ಯದ ಸೂಚಕ ಯಾವುದು?’ ಆಯ್ಕೆಗಳಲ್ಲಿ ಪಾಚಿ ಇರುತ್ತದೆ, ಜರೀಗಿಡ ಇರುತ್ತದೆ, ಅಣಬೆ ಇರುತ್ತದೆ, ಕಲ್ಲುಹೂವು ಇರುತ್ತದೆ. ನಾವು ಕಣ್ಣು ಮುಚ್ಚಿಕೊಂಡು ಕಲ್ಲುಹೂವಿನ ವೃತ್ತವನ್ನು ಕಪ್ಪು ಮಾಡಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಪಿಯುಸಿಯಿಂದ ಹಿಡಿದು ಎಫ್‌ಡಿಎ ಪರೀಕ್ಷೆಯವರೆಗೆ ನಾನು ಈ ವೃತ್ತವನ್ನು ಎಷ್ಟು ಸಲ ತುಂಬಿದ್ದೇನೋ ಲೆಕ್ಕವಿಲ್ಲ. ಅದು ಹೇಗೆ ಸೂಚಿಸುತ್ತದೆ, ಯಾರಿಗೆ ಸೂಚಿಸುತ್ತದೆ, ಸೂಚಿಸಿದ ಮೇಲೆ ಏನಾಗುತ್ತದೆ ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಒಂದು ಅಂಕ ಬಂತಲ್ಲ, ಸಾಕು.

ಕೇಳಿದ್ದು ನಮ್ಮ ಚಿಕ್ಕಪ್ಪ.

ಕಳೆದ ದೀಪಾವಳಿ ಮುಗಿದ ವಾರ ಅವರ ಫೋನ್ ಬಂತು. ನಮ್ಮೂರು ಮಲೆನಾಡಿನ ಒಂದು ಮೂಲೆ. ಅಲ್ಲಿ ತೋಟದ ಮೇಲಿನ ಗುಡ್ಡದಲ್ಲಿ ಎರಡು ವರ್ಷದ ಹಿಂದೆ ಜಲ್ಲಿ ಕ್ರಷರ್ ಶುರುವಾಗಿದೆ. ಬೇಸಿಗೆ ಬಂತೆಂದರೆ ಅಡಿಕೆ ಸೋಗೆಯ ಮೇಲೆ ಬಿಳಿ ಹುಡಿ, ಅಂಗಳದಲ್ಲಿ ಒಣಹಾಕಿದ ಬಟ್ಟೆಯ ಮೇಲೂ ಅದೇ. ಏಳು ವರ್ಷದ ತಂಗಿ ರಾತ್ರಿಯಿಡೀ ಕೆಮ್ಮುತ್ತಾಳೆ. ದೂರು ಕೊಟ್ಟರೆ ‘ಧೂಳು ಮಿತಿಯೊಳಗೇ ಇದೆ’ ಎಂಬ ಉತ್ತರ. ಯಾರು ಅಳೆದರು, ಎಲ್ಲಿ ಅಳೆದರು ಎಂದರೆ ಅದಕ್ಕೆ ಉತ್ತರವಿಲ್ಲ.

‘ನೀ ಗಿಡ ನೋಡಿ ಗಾಳಿ ಹೆಂಗಿದೆ ಅಂತ ಹೇಳೋದನ್ನೇ ಓದಿದೀಯಂತಲ್ಲ ಮಾರಾಯ್ತಿ, ಬಂದು ನಮ್ಮ ತೋಟ ನೋಡಿ ಒಂದು ಸರ್ಟಿಫಿಕೇಟ್ ಬರ್ಕೊಡು’ ಎಂದರು.

ನಾನು ಎಂ.ಎಸ್ಸಿ. ಸಸ್ಯಶಾಸ್ತ್ರ ಮುಗಿಸಿ ಬೆಂಗಳೂರಿನ ಪಿ.ಜಿ.ಯೊಂದರಲ್ಲಿ ಕುಳಿತು ಅಧಿಸೂಚನೆಗಳಿಗೆ ಕಾಯುತ್ತಿರುವ ಸಾವಿರಾರು ಮಂದಿಯಲ್ಲಿ ಒಬ್ಬಳು. ನನ್ನ ಪ್ರಾಜೆಕ್ಟ್ ಕಲ್ಲುಹೂವಿನ ಮೇಲೆಯೇ ಆಗಿತ್ತು. ಆದರೂ ಚಿಕ್ಕಪ್ಪನಿಗೆ ತಕ್ಷಣ ‘ಹೂಂ’ ಎನ್ನಲು ಆಗಲಿಲ್ಲ. ಯಾಕೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ಬೇರಿಲ್ಲದ ಜೀವ

ಮೊದಲು ಈ ಕಲ್ಲುಹೂವನ್ನು ಸ್ವಲ್ಪ ನೋಡೋಣ. ನೀವಿದನ್ನು ತಿಂದಿದ್ದೀರಿ. ಬಿಸಿಬೇಳೆಬಾತ್ ಪುಡಿಗೆ, ಬಾಡೂಟದ ಮಸಾಲೆಗೆ ಹುರಿದು ಹಾಕುವ, ಒಂದು ಕಡೆ ಕಪ್ಪು ಇನ್ನೊಂದು ಕಡೆ ಬೂದು ಬಣ್ಣದ, ಒಣಗಿದ ಎಲೆಯ ಚೂರಿನಂತಿರುವ ಸಾಮಾನು ಇದೇ. ಅಂಗಡಿಯವರಿಗೆ ಅದೊಂದು ಮಸಾಲೆ, ಪಠ್ಯಪುಸ್ತಕದವರಿಗೆ ಲೈಕೆನ್. ನಿಜ ಹೇಳಬೇಕೆಂದರೆ ಇದು ಗಿಡವೇ ಅಲ್ಲ. ಒಂದು ಶಿಲೀಂಧ್ರ ಮತ್ತು ಒಂದು ಪಾಚಿ ಸೇರಿ ನಡೆಸುವ ಸಂಸಾರ. ಶಿಲೀಂಧ್ರದ್ದು ಮನೆ, ಪಾಚಿಯದ್ದು ಅಡುಗೆ. ಆದರೂ ಸಸ್ಯಶಾಸ್ತ್ರ ವಿಭಾಗದವರೇ ಇದನ್ನು ಪಾಠ ಮಾಡುವುದರಿಂದ ಗಿಡಗಳ ಸಾಲಿನಲ್ಲೇ ಕೂರಿಸಿದ್ದೇವೆ.

ಇದಕ್ಕೆ ಬೇರಿಲ್ಲ. ಎಲೆಗಳ ಮೇಲಿರುವ ಮೇಣದ ಪದರವಿಲ್ಲ. ಬೇಕಾದಾಗ ತೆರೆದು ಬೇಡದಾಗ ಮುಚ್ಚಿಕೊಳ್ಳುವ ಪತ್ರರಂಧ್ರಗಳಿಲ್ಲ. ಮಳೆ, ಮಂಜು, ಗಾಳಿಯಲ್ಲಿ ಬರುವ ಧೂಳು ಇವೇ ಇದರ ಊಟ. ಮೈಯೆಲ್ಲ ಬಾಯಿ ಎನ್ನಿ. ಗಾಳಿಯಲ್ಲಿ ಸಲ್ಫರ್ ಡೈಆಕ್ಸೈಡ್ ಇದ್ದರೆ ಅದು ತೇವದಲ್ಲಿ ಕರಗಿ ನೇರವಾಗಿ ಒಳಗೆ ಇಳಿಯುತ್ತದೆ, ಪಾಚಿಯ ಪತ್ರಹರಿತ್ತು ಕೆಡುತ್ತದೆ, ಅಡುಗೆ ನಿಂತು ಸಂಸಾರ ಮುರಿಯುತ್ತದೆ. ಮರವಾದರೆ ಹಾಳಾದ ಎಲೆಯನ್ನು ಉದುರಿಸಿ ಹೊಸದನ್ನು ತೊಡುತ್ತದೆ. ಕಲ್ಲುಹೂವಿಗೆ ಆ ಸೌಲಭ್ಯವಿಲ್ಲ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಅದು ವರ್ಷಗಟ್ಟಲೆ ಉಂಡದ್ದನ್ನೆಲ್ಲ ಮೈಯಲ್ಲೇ ಇಟ್ಟುಕೊಂಡಿರುತ್ತದೆ. ಸೀಸ, ಸತು, ಕ್ಯಾಡ್ಮಿಯಂನಂತಹ ಲೋಹಗಳು ಬಂದರೆ ಅವನ್ನೂ.

ಇದರಲ್ಲಿ ಮೂರು ಬಗೆ. ತೊಗಟೆಗೆ ಸುಣ್ಣ ಹಚ್ಚಿದಂತೆ ಅಂಟಿಕೊಂಡಿರುವುದು ಒಂದು. ಅಡಿಕೆ ಮರದ ಮೇಲಿನ ಬೂದು-ಬಿಳಿ ಮಚ್ಚೆಗಳು ಬಹುಪಾಲು ಇವೇ. ಅಂಚು ಎದ್ದು ಎಲೆಯಂತೆ ಹರಡುವುದು ಇನ್ನೊಂದು, ನಮ್ಮ ಮಸಾಲೆಯದ್ದು ಈ ಬಗೆ. ಕೊಂಬೆಯಿಂದ ಗಡ್ಡದಂತೆ ಇಳಿಬೀಳುವುದು ಮೂರನೆಯದು. ಗಾಳಿಗೆ ಮೈ ಒಡ್ಡಿಕೊಂಡಷ್ಟೂ ಪೆಟ್ಟು ಜಾಸ್ತಿ. ಹಾಗಾಗಿ ಗಾಳಿ ಕೆಟ್ಟಾಗ ಸಾಮಾನ್ಯವಾಗಿ ಗಡ್ಡದವು ಮೊದಲು ಹೋಗುತ್ತವೆ, ಎಲೆಯಂತಹವು ಆಮೇಲೆ. ಸುಣ್ಣದಂತಹವು ಕೊನೆಯವರೆಗೂ ಹಿಡಿದುಕೊಂಡಿರುತ್ತವೆ.

ಇದನ್ನು ಬರಹದಲ್ಲಿ ಹೇಳಿದ ಮೊದಲಿಗರಲ್ಲಿ ಒಬ್ಬರು ಫಿನ್ಲೆಂಡ್ ಮೂಲದ ವಿಲಿಯಂ ನೈಲಾಂಡರ್. ಪ್ಯಾರಿಸ್‌ನ ಲಕ್ಸೆಂಬರ್ಗ್ ಉದ್ಯಾನದ ಮರಗಳ ಮೇಲೆ ಇರುವ ಕಲ್ಲುಹೂವುಗಳು ನಗರದ ಬೇರೆಡೆ ಕಾಣುವುದಿಲ್ಲವಲ್ಲ ಎಂದು ಅವರು 1866ರಲ್ಲಿ ಬರೆದರು. ಕಲ್ಲಿದ್ದಲ ಹೊಗೆಯ ಕಾಲ ಅದು. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಉದ್ಯಾನದೊಳಗಿನವೂ ಕಾಣೆಯಾದವು. ತಮಾಷೆಯೆಂದರೆ, ಕಲ್ಲುಹೂವು ಎಂದರೆ ಎರಡು ಜೀವಿಗಳ ಜೋಡಿ ಎಂದು ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ಹೇಳಿದಾಗ ಅದನ್ನು ಬಲವಾಗಿ ವಿರೋಧಿಸಿದವರಲ್ಲಿ ಇದೇ ನೈಲಾಂಡರ್ ಸೇರಿದ್ದರು! ತಮ್ಮ ಸಾಕ್ಷಿ ಯಾರೆಂಬುದೇ ಪೂರ್ತಿ ತಿಳಿಯದೆಯೂ ಅದರ ಸಾಕ್ಷ್ಯವನ್ನು ಸರಿಯಾಗಿ ಓದಿದ್ದರು.

ನೂರು ವರ್ಷದ ನಂತರ, 1970ರಲ್ಲಿ, ಡೇವಿಡ್ ಹಾಕ್ಸ್‌ವರ್ತ್ ಮತ್ತು ಫ್ರಾನ್ಸಿಸ್ ರೋಸ್ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಒಂದು ಅಳತೆಪಟ್ಟಿ ಮಾಡಿದರು. ಮರದ ಮೇಲೆ ಯಾವ ಯಾವ ಕಲ್ಲುಹೂವಿದೆ ಎಂದು ನೋಡಿ ಆ ಜಾಗಕ್ಕೆ 0ಯಿಂದ 10ರವರೆಗೆ ಒಂದು ಸಂಖ್ಯೆ ಕೊಡುವುದು, ಅದರಿಂದ ಚಳಿಗಾಲದ ಸಲ್ಫರ್ ಡೈಆಕ್ಸೈಡ್ ಎಷ್ಟಿರಬಹುದು ಎಂದು ಅಂದಾಜಿಸುವುದು. ಏನೂ ಇಲ್ಲದ ಬೋಳು ಮರಕ್ಕೆ ಸೊನ್ನೆ. ಆಮೇಲೆ ಯುರೋಪಿನಲ್ಲಿ ಕಲ್ಲಿದ್ದಲ ಹೊಗೆ ಇಳಿಯಿತು. ಲಕ್ಸೆಂಬರ್ಗ್ ಉದ್ಯಾನಕ್ಕೆ ಕಲ್ಲುಹೂವು ಮರಳಿದ ಬಗ್ಗೆ 1992ರಲ್ಲಿ ಸಂಶೋಧಕರು ಲೇಖನ ಬರೆದರು. ಹೋದದ್ದು ಮಾತ್ರವಲ್ಲ, ವಾಪಸ್ ಬಂದದ್ದೂ ಸುದ್ದಿಯೇ.

ನನ್ನ ಬಹುಮಾನಿತ ತಪ್ಪು

ಈಗ ನನ್ನ ಕಥೆ. ಎಂ.ಎಸ್ಸಿ. ಎರಡನೇ ವರ್ಷದಲ್ಲಿ ನಾನು ಆರಿಸಿಕೊಂಡದ್ದು ರಿಂಗ್ ರಸ್ತೆ ಬದಿಯ ಮರಗಳು ಮತ್ತು ನಮ್ಮ ಕ್ಯಾಂಪಸ್ಸಿನ ಮರಗಳು. ವಿಧಾನ ಸುಲಭ. ರಟ್ಟು ಮತ್ತು ದಾರದಿಂದ 10 ಸೆಂಟಿಮೀಟರ್ ಚೌಕಗಳು ಐದು ಒಂದರ ಕೆಳಗೊಂದು ಬರುವಂತೆ ಏಣಿ ಮಾಡಿಕೊಳ್ಳಬೇಕು. ನೆಲದಿಂದ ಒಂದು ಮೀಟರ್ ಎತ್ತರದಿಂದ ಮೇಲಕ್ಕೆ ಅದನ್ನು ಕಾಂಡಕ್ಕೆ ಹಿಡಿಯಬೇಕು. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ನಾಲ್ಕೂ ಕಡೆ. ಒಂದೊಂದು ಬಗೆಯ ಕಲ್ಲುಹೂವು ಎಷ್ಟು ಚೌಕಗಳಲ್ಲಿದೆ ಎಂದು ಭೂತಗನ್ನಡಿ ಹಿಡಿದು ಎಣಿಸಿ ಕೂಡಬೇಕು. ಯುರೋಪಿನಲ್ಲಿ 2014ರಿಂದ ಇದಕ್ಕೆ ಅಧಿಕೃತ ಮಾನಕವೇ ಇದೆ. ದಿಕ್ಕಿಗೆ ಮೊಬೈಲ್ ಸಾಕು, ಭೂತಗನ್ನಡಿಗೆ ಒಂದು ಸಿನಿಮಾ ಟಿಕೆಟ್ಟಿನಷ್ಟು ದುಡ್ಡು.

ಫಲಿತಾಂಶ ಕೈಯಲ್ಲಿ ಹಿಡಿದಾಗ ಕುಣಿದಾಡುವಂತಾಗಿತ್ತು. ಕ್ಯಾಂಪಸ್ಸಿನಲ್ಲಿ ಕಲ್ಲುಹೂವು ತುಂಬಿದೆ, ರಸ್ತೆಯಲ್ಲಿ ಹೆಚ್ಚುಕಡಿಮೆ ಸೊನ್ನೆ. ‘ರಿಂಗ್ ರಸ್ತೆ: ಕಲ್ಲುಹೂವಿನ ಮರುಭೂಮಿ’ ಎಂದು ದೊಡ್ಡಕ್ಷರದಲ್ಲಿ ಪೋಸ್ಟರ್ ಮಾಡಿದೆ. ಅಂತರ ಕಾಲೇಜು ಸ್ಪರ್ಧೆಯಲ್ಲಿ ಎರಡನೇ ಬಹುಮಾನ, ಒಂದು ಸ್ಟೀಲ್ ಬಾಟಲಿ. ಅದು ಈಗಲೂ ನನ್ನ ಟೇಬಲ್ ಮೇಲಿದೆ.

ಬಹುಮಾನ ತೆಗೆದುಕೊಂಡು ಬಂದ ಮರುದಿನ ಜೂನಿಯರ್ ಹುಡುಗಿಯೊಬ್ಬಳು ಪೋಸ್ಟರ್ ಮುಂದೆ ನಿಂತು ಕೇಳಿದಳು: ‘ಅಕ್ಕಾ, ರಸ್ತೆ ಬದಿ ಮರಗಳ ಬುಡಕ್ಕೆ ಸುಣ್ಣ ಬಳಿದು ಕೆಂಪು ಪಟ್ಟಿ ಹೊಡೆದಿರ್ತಾರಲ್ಲ, ನೀವು ಅಳೆದ ಮರಗಳಿಗೆ ಬಳಿದಿರಲಿಲ್ವಾ?’

ಬಳಿದಿದ್ದರು. ಫೋಟೊದಲ್ಲೇ ಕಾಣುತ್ತಿತ್ತು. ನನ್ನ ಚೌಕ ಶುರುವಾಗುವುದು ಸುಣ್ಣದ ಗೆರೆಯ ಸ್ವಲ್ಪ ಮೇಲೆ, ಆದರೆ ಕೆಲವು ಮರಗಳಿಗೆ ಬಣ್ಣ ಅಲ್ಲಿಯವರೆಗೂ ಏರಿತ್ತು. ಅದು ಹೋಗಲಿ, ರಸ್ತೆಯ ಮರಗಳಲ್ಲಿ ಅರ್ಧಕ್ಕರ್ಧ ನೀಲಗಿರಿ. ಅದರ ತೊಗಟೆ ಸುಲಿದು ಬೀಳುತ್ತಲೇ ಇರುತ್ತದೆ, ನಿಧಾನವಾಗಿ ಬೆಳೆಯುವ ಕಲ್ಲುಹೂವು ಅಲ್ಲಿ ತಳವೂರುವುದು ಕಷ್ಟ. ಕ್ಯಾಂಪಸ್ಸಿನದ್ದೆಲ್ಲ ಮಾವು. ಅಂದರೆ ನಾನು ಹೋಲಿಸಿದ್ದು ಎರಡು ಗಾಳಿಗಳನ್ನಲ್ಲ, ಎರಡು ತೊಗಟೆಗಳನ್ನು. ಆ ದಿನ ಮಧ್ಯಾಹ್ನ ಕ್ಯಾಂಟೀನಿಗೆ ಹೋಗಲಿಲ್ಲ.

ಗೈಡ್ ಮೇಡಂ ಬೈಯಲಿಲ್ಲ. ‘ಇನ್ನೂ ಐದು ವಾರ ಇದೆ, ಒಂದೇ ಜಾತಿ, ಒಂದೇ ಗಾತ್ರ, ಬಣ್ಣ ಹಚ್ಚದ ಮರಗಳನ್ನು ಹುಡುಕು’ ಎಂದರು. ಹುಡುಕಿದೆ. ರಸ್ತೆಗೂ ಕ್ಯಾಂಪಸ್ಸಿಗೂ ವ್ಯತ್ಯಾಸ ಉಳಿಯಿತು, ಆದರೆ ಪೋಸ್ಟರಿನಲ್ಲಿ ಬರೆದಷ್ಟು ಅಲ್ಲ. ರಸ್ತೆಯ ಮಾವಿನ ಮರಗಳಲ್ಲಿ ಸುಣ್ಣದಂತಹ ಬಗೆ ಸಾಕಷ್ಟಿತ್ತು. ‘ಮರುಭೂಮಿ’ ಎಂಬ ಪದ ಪ್ರಬಂಧದಲ್ಲಿ ಬರಲಿಲ್ಲ. ಬಾಟಲಿ ವಾಪಸ್ ಕೊಡುವ ಧೈರ್ಯ ಮಾತ್ರ ಆಗಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಚಿಕ್ಕಪ್ಪ ಸರ್ಟಿಫಿಕೇಟ್ ಕೇಳಿದಾಗ ನನಗೆ ನೆನಪಾದದ್ದು ಈ ಸುಣ್ಣ.

ಎಲೆಯ ಮೇಲಿನ ಸಹಿ

ಊರಿಗೆ ಹೊರಡುವ ಮೊದಲು ಒಂದಷ್ಟು ಓದಿಕೊಂಡೆ. ಕಲ್ಲುಹೂವು ಒಂದೇ ಅಲ್ಲ, ಒಂದೊಂದು ವಿಷಕ್ಕೆ ಒಂದೊಂದು ಗಿಡ ಬೇರೆ ಬೇರೆ ರೀತಿ ಸಹಿ ಹಾಕುತ್ತದೆ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ತಂಬಾಕಿನದು. 1950ರ ದಶಕದಲ್ಲಿ ಅಮೆರಿಕದ ಪೂರ್ವ ಭಾಗದಲ್ಲಿ ಸಿಗಾರ್ ಸುತ್ತುವ ದುಬಾರಿ ತಂಬಾಕಿನ ಎಲೆಗಳ ಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕೆ ಬೀಳತೊಡಗಿದವು. ರೋಗವಲ್ಲ, ಹುಳವಲ್ಲ. ಬೆಳೆಗಾರರು ಹವಾಮಾನವನ್ನು ದೂರಿದರು. ವಾಹನಗಳ ಹೊಗೆಯ ಅನಿಲಗಳು ಬಿಸಿಲಿನಲ್ಲಿ ಸೇರಿ ಹುಟ್ಟುವ ಓಝೋನ್ ಇದಕ್ಕೆ ಕಾರಣ ಎಂದು ಹೆಗ್‌ಸ್ಟಾಡ್ ಮತ್ತು ಮಿಡಲ್ಟನ್ 1959ರಲ್ಲಿ ತೋರಿಸಿಕೊಟ್ಟರು. ಬೆಳೆಗಾರನಿಗೆ ನಷ್ಟ ತಂದ ಆ ಸೂಕ್ಷ್ಮತೆಯನ್ನೇ ವಿಜ್ಞಾನಿಗಳು ಉಪಯೋಗಕ್ಕೆ ತಂದರು. ‘ಬೆಲ್-ಡಬ್ಲ್ಯು 3’ ಎಂಬ, ಬಹಳ ಬೇಗ ಚುಕ್ಕೆ ಬೀಳುವ ತಳಿಯನ್ನು, ತಡೆದುಕೊಳ್ಳುವ ‘ಬೆಲ್-ಬಿ’ ತಳಿಯ ಪಕ್ಕ ಕುಂಡದಲ್ಲಿಟ್ಟು ಓಝೋನ್ ಗುರುತಿಸುವುದು ಜಗತ್ತಿನ ಎಷ್ಟೋ ನಗರಗಳಲ್ಲಿ ನಡೆದಿದೆ. ಅಮೆರಿಕದ ಶಾಲೆಗಳಲ್ಲಿ ಇದೇ ಕೆಲಸಕ್ಕೆ ಬೀನ್ಸ್ ಗಿಡದ ಎರಡು ತಳಿಗಳನ್ನು ಬೆಳೆಸುತ್ತಾರೆ. ಒಂದು ಬೇಗ ಸುಡುತ್ತದೆ, ಇನ್ನೊಂದು ಸುಡುವುದಿಲ್ಲ. ಎರಡನ್ನೂ ಅಕ್ಕಪಕ್ಕ ಇಡುವುದೇ ಇಲ್ಲಿಯ ಜಾಣತನ. ನೀರು ಕಡಿಮೆಯಾಗಿ ಸುಟ್ಟಿದ್ದರೆ ಎರಡೂ ಸುಡಬೇಕಿತ್ತಲ್ಲ?

ಗ್ಲಾಡಿಯೋಲಸ್ ಹೂಗಿಡದ ಎಲೆತುದಿ ಫ್ಲೋರೈಡಿಗೆ ಸುಡುತ್ತದೆ. ಕುದುರೆ ಮಸಾಲೆ ಸೊಪ್ಪಿನ ನರಗಳ ನಡುವಿನ ಭಾಗ ಸಲ್ಫರ್ ಡೈಆಕ್ಸೈಡಿಗೆ ಬಿಳಿಚಿಕೊಳ್ಳುತ್ತದೆ. ಉತ್ತರ ಪ್ರದೇಶದ ಮಾವಿನ ತೋಪುಗಳಲ್ಲಿ ಇಟ್ಟಿಗೆ ಭಟ್ಟಿಯ ಹೊಗೆ ತಾಗಿದ ಕಾಯಿಗಳ ತುದಿ ಕಪ್ಪಾಗುವುದು ರೈತರಿಗೆ ಹಳೆಯ ತಲೆನೋವು. ಆದರೆ ಈ ಪ್ರತಿ ಸಹಿಗೂ ನಕಲಿ ಸಹಿ ಇದೆ. ಪೊಟ್ಯಾಶ್ ಕೊರತೆಯಾದರೂ ಎಲೆಯಂಚು ಸುಡುತ್ತದೆ, ಮೆಗ್ನೀಷಿಯಂ ಕೊರತೆಯಾದರೂ ನರಗಳ ನಡುವೆ ಹಳದಿಯಾಗುತ್ತದೆ. ಎಲೆ ಹಳದಿಯಾಯಿತು, ಗಾಳಿ ಕೆಟ್ಟಿದೆ ಎಂದು ಬರೆದುಬಿಡುವ ಪ್ರಾಜೆಕ್ಟುಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಒಂದನ್ನು ಮಾಡಿಯೂ ಇದ್ದೇನೆ.

ನಮ್ಮ ಕಾಲೇಜುಗಳಲ್ಲಿ ಈಗ ಹೆಚ್ಚು ನಡೆಯುವುದು ‘ಎಪಿಟಿಐ’ ಪ್ರಾಜೆಕ್ಟು. ಸಿಂಗ್ ಮತ್ತು ರಾವ್ 1983ರಲ್ಲಿ ಕೊಟ್ಟ ಸೂತ್ರ ಅದು. ಎಲೆಯಲ್ಲಿರುವ ಸಿ ಜೀವಸತ್ವ, ಪತ್ರಹರಿತ್ತು, ರಸದ ಪಿಎಚ್, ನೀರಿನ ಅಂಶ ಈ ನಾಲ್ಕನ್ನು ಅಳೆದು ಮಾಲಿನ್ಯವನ್ನು ಗಿಡ ಎಷ್ಟು ತಡೆದುಕೊಳ್ಳುತ್ತದೆ ಎಂದು ಲೆಕ್ಕ ಹಾಕುವುದು. ಪದವಿ ಕಾಲೇಜಿನ ಲ್ಯಾಬಿನಲ್ಲೇ ಮಾಡಬಹುದು, ಒಳ್ಳೆಯದೇ. ಆದರೆ ಅಂಕ ಜಾಸ್ತಿ ಬಂದ ಮರ ‘ಒಳ್ಳೆಯ ಸೂಚಕ’ ಎಂದು ಬರೆಯುವವರನ್ನು ಕಂಡಾಗ ಬೇಜಾರಾಗುತ್ತದೆ. ಅದು ಉಲ್ಟಾ. ಅಂಕ ಜಾಸ್ತಿ ಇದ್ದರೆ ತಡೆದುಕೊಳ್ಳುವ ಗಿಡ, ರಸ್ತೆ ಬದಿ ನೆಡಲು ಸರಿ. ಸೂಚಕ ಬೇಕಿದ್ದರೆ ಮೊದಲು ನರಳುವ ಗಿಡವೇ ಬೇಕು. ಎಲ್ಲ ಸಹಿಸಿಕೊಂಡು ಸುಮ್ಮನಿರುವವರು ಯಾವ ಸುದ್ದಿಯನ್ನೂ ಹೇಳುವುದಿಲ್ಲ.

ಯಂತ್ರ ಎಲ್ಲಿಡಬೇಕು?

ನೀವು ಕೇಳಬಹುದು: ಮೊಬೈಲಿನಲ್ಲೇ ಗಾಳಿಯ ಗುಣಮಟ್ಟದ ಸೂಚ್ಯಂಕ ಸಿಗುವಾಗ ಕಲ್ಲುಹೂವು ಎಣಿಸುವುದು ಯಾಕೆ? ಸಿಗುತ್ತದೆ, ಯಂತ್ರ ಇರುವ ಕಡೆ. ಕೇಂದ್ರ ಸರ್ಕಾರದ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಶುರುವಾದಾಗ ನಮ್ಮ ರಾಜ್ಯದಿಂದ ಪಟ್ಟಿಗೆ ಸೇರಿದ್ದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ನಾಲ್ಕೂ ನಗರಗಳೇ. ಗುಡ್ಡದ ಮೇಲಿನ ಕ್ರಷರಿನ ಕೆಳಗೆ ಒಂದು ಹಲಸಿನ ಮರ ಸಿಗಬಹುದು, ಯಂತ್ರ ಸಿಗುವುದಿಲ್ಲ.

ಇದಕ್ಕೆ ಅಮೆರಿಕದ ಪೋರ್ಟ್‌ಲೆಂಡ್ ನಗರದ ಉದಾಹರಣೆ ಹೇಳಲೇಬೇಕು. ಅಲ್ಲಿ ಮರಗಳ ಮೇಲೆ ಹಸಿರು ಮಕಮಲ್ಲಿನಂತೆ ಬೆಳೆಯುವ ಹಾವಸೆ ಎಲ್ಲೆಲ್ಲೂ ಇದೆ. ಹಾವಸೆಯೂ ಕಲ್ಲುಹೂವಿನಂತೆಯೇ, ಬೇಕಾದದ್ದನ್ನು ಗಾಳಿ ಮಳೆಯಿಂದಲೇ ಪಡೆಯುವ ಜೀವ. ಲೋಹಗಳ ಅಳತೆಗೆ ಅದನ್ನು ಬಳಸುವುದನ್ನು 1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನವರು ಶುರುಮಾಡಿದ್ದರು. 1990ರಿಂದ ಯುರೋಪಿನ ಹಲವು ದೇಶಗಳು ಐದು ವರ್ಷಕ್ಕೊಮ್ಮೆ ಹಾವಸೆ ಸಮೀಕ್ಷೆ ಮಾಡುತ್ತವೆ. ಪೋರ್ಟ್‌ಲೆಂಡ್‌ನಲ್ಲಿ ಅಮೆರಿಕದ ಅರಣ್ಯ ಇಲಾಖೆಯ ಸಂಶೋಧಕರು 2013ರ ಡಿಸೆಂಬರಿನಲ್ಲಿ ನಗರದುದ್ದಕ್ಕೂ 346 ಹಾವಸೆ ಮಾದರಿಗಳನ್ನು ಕಿತ್ತು ತಂದರು. ನಕ್ಷೆಯ ಮೇಲೆ ಕ್ಯಾಡ್ಮಿಯಂ ಲೆಕ್ಕ ಇಟ್ಟಾಗ ಯಾರೂ ನಿರೀಕ್ಷಿಸದ ಕಡೆ ಕೆಂಪು ಗುಡ್ಡೆಗಳು ಎದ್ದವು. ಅಲ್ಲಿದ್ದದ್ದು ಬಣ್ಣದ ಗಾಜು ತಯಾರಿಸುವ ಕಾರ್ಖಾನೆ. ಗಾಜಿಗೆ ಬಣ್ಣ ಬರಲು ಕ್ಯಾಡ್ಮಿಯಂ ಬಳಸುತ್ತಾರೆ.

ಹಾವಸೆಯ ಮಾತು ಕೇಳಿ ಯಾರೂ ಕಾರ್ಖಾನೆಗೆ ಬೀಗ ಹಾಕಲಿಲ್ಲ, ಗಮನಿಸಿ. ಆದದ್ದೇನೆಂದರೆ, ರಾಜ್ಯದ ಪರಿಸರ ಇಲಾಖೆ 2015ರ ಅಕ್ಟೋಬರಿನಲ್ಲಿ ಆ ಜಾಗಕ್ಕೆ ಗಾಳಿ ಅಳೆಯುವ ಯಂತ್ರ ತಂದಿಟ್ಟಿತು. ಕ್ಯಾಡ್ಮಿಯಂ ಅಲ್ಲಿಯ ಆರೋಗ್ಯ ಮಾನದಂಡದ 49 ಪಟ್ಟು ಇತ್ತು. 2016ರ ಫೆಬ್ರುವರಿಯಲ್ಲಿ ಸುದ್ದಿ ಹೊರಬಿದ್ದ ಮೇಲೆ ಕ್ಯಾಡ್ಮಿಯಂ ಬಳಕೆ ನಿಂತಿತು, ರಾಜ್ಯದ ನಿಯಮಗಳೂ ಬದಲಾದವು. ಅಷ್ಟು ವರ್ಷ ಇಲಾಖೆಯವರ ಬಳಿ ಯಂತ್ರ ಇರಲಿಲ್ಲ ಎಂದಲ್ಲ. ಎಲ್ಲಿಡಬೇಕು ಎಂಬುದು ಗೊತ್ತಿರಲಿಲ್ಲ, ಅಷ್ಟೆ.

ಬೆಂಗಳೂರಿನಲ್ಲೂ ಇಂತಹ ಕೆಲಸ ನಡೆದಿದೆ. ನಗರದ ಕಲ್ಲುಹೂವುಗಳ ಹಂಚಿಕೆ ಮತ್ತು ಅವುಗಳ ಮೈಯಲ್ಲಿ ಕೂಡಿಕೊಂಡ ಭಾರಲೋಹಗಳ ಬಗ್ಗೆ, ಲಾಲ್‌ಬಾಗನ್ನು ವಿಶೇಷವಾಗಿ ಗಮನಿಸಿ, ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯ ಸಂಜೀವ ನಾಯಕ, ಡಿ.ಕೆ. ಉಪ್ರೇತಿ ಮೊದಲಾದವರು ಮಾಧವ ಗಾಡ್ಗೀಳರ ಜತೆ ಸೇರಿ ಮಾಡಿದ ಅಧ್ಯಯನ 2003ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಪ್ರಕಟವಾಗಿದೆ. ಲಾಲ್‌ಬಾಗಿಗೆ ಸೆಲ್ಫಿಗಾಗಿ ಹತ್ತಾರು ಸಲ ಹೋದ ನಾನು ಆ ಲೇಖನ ಓದಿದ ಮೇಲೆ ಒಂದು ಭಾನುವಾರ ಬರೀ ತೊಗಟೆ ನೋಡಲು ಹೋಗಿದ್ದೆ. ಸೆಕ್ಯುರಿಟಿಯವರು ಎರಡು ಸಲ ಬಂದು ‘ಏನು ಕಳ್ಕೊಂಡ್ರಿ ಮೇಡಂ?’ ಎಂದು ಕೇಳಿದರು.

ಹದಿನೆಂಟು ಹಲಸಿನ ಮರ

ಡಿಸೆಂಬರ್ ಕೊನೆಗೆ ಊರಿಗೆ ಹೋದೆ. ಮೊದಲ ದಿನವೇ ಅಡಿಕೆ ಮರಗಳಿಗೆ ಏಣಿ ಹಿಡಿಯಲು ಹೊರಟವಳನ್ನು ತಡೆದದ್ದು ಚಿಕ್ಕಪ್ಪನೇ.

‘ಅಡಿಕೆ ಮರ ಎಂತಕ್ಕೆ ನೋಡ್ತಿ? ಕೊಳೆ ರೋಗಕ್ಕೆ ಮಳೆಗಾಲದಲ್ಲಿ ಎರಡು ಸಲ ಬೋರ್ಡೋ ಹೊಡೆದಿದೀವಲ್ಲ. ಮೈತುತ್ತ, ಸುಣ್ಣ ಎಲ್ಲ ಮರದ ಮೇಲೇ ಇಳಿಯೋದು.’

ಮತ್ತೆ ಸುಣ್ಣ! ಮೈತುತ್ತವಂತೂ ಶಿಲೀಂಧ್ರ ಕೊಲ್ಲುವುದಕ್ಕೇ ಇರುವುದು, ಕಲ್ಲುಹೂವಿನ ಅರ್ಧ ಶರೀರ ಶಿಲೀಂಧ್ರ. ಎರಡು ವರ್ಷ ಓದಿದ ನನಗೆ ಹೊಳೆಯದ್ದು ಅವರಿಗೆ ಅಡಿಕೆ ಹಾಳೆ ಎತ್ತುತ್ತಲೇ ಹೊಳೆಯಿತು. ಕಾಳುಮೆಣಸಿನ ಬಳ್ಳಿ ಹಬ್ಬಿಸಿದ ಮರಗಳನ್ನೂ ಅದೇ ಕಾರಣಕ್ಕೆ ಬಿಟ್ಟೆವು. ತೋಟದ ಹೊರಗೆ, ಬೇಣದಲ್ಲಿ, ದಾರಿಬದಿಯಲ್ಲಿ ಸುತ್ತಿ ಔಷಧಿ ಕಾಣದ, ನೆಟ್ಟಗಿರುವ ಹದಿನೆಂಟು ಹಲಸಿನ ಮರ ಆರಿಸಿದೆವು. ಕ್ರಷರಿಗೆ ಹತ್ತಿರ ಆರು, ಮನೆಯ ಸುತ್ತ ಆರು, ಗುಡ್ಡದ ಆಚೆ ಮಗ್ಗುಲಿಗೆ ಆರು. ತಂಗಿ ಹಳೆಯ ಆಮಂತ್ರಣ ಪತ್ರಿಕೆಗಳ ಹಿಂದೆ ನಂಬರ್ ಬರೆದುಕೊಟ್ಟಳು.

ಮೂರು ದಿನ ಎಣಿಸಿದೆ. ಆಚೆ ಮಗ್ಗುಲಿನ ಮರಗಳಲ್ಲಿ ನಾಲ್ಕೂ ದಿಕ್ಕಿಗೆ ಎಲೆಯಂತಹ ಕಲ್ಲುಹೂವು ಅಂಗೈಯಗಲ ಹರಡಿತ್ತು. ಒಂದೆರಡು ಕೊಂಬೆಯಲ್ಲಿ ಗಡ್ಡದಂತಹದ್ದೂ ಇತ್ತು. ಮನೆಯ ಸುತ್ತಿನ ಮರಗಳಲ್ಲಿ ಎಲೆಯಂತಹದ್ದು ಇದ್ದರೂ ಗುಡ್ಡದ ಕಡೆಯ ಮಗ್ಗುಲಲ್ಲಿ ಅಂಚು ಬಿಳಿಚಿ ಚೂರಾಗಿತ್ತು. ಕ್ರಷರಿನ ಹತ್ತಿರದ ಆರರಲ್ಲಿ ಧೂಳಿನ ಗಟ್ಟಿ ಪದರ, ಅದರಡಿಯಲ್ಲಿ ಸುಣ್ಣದಂತಹ ಬಗೆ ಮಾತ್ರ.

ಮುಗಿಯಿತಲ್ಲ, ಬರೆದುಬಿಡು ಎಂದರು ಚಿಕ್ಕಪ್ಪ. ನನ್ನ ಮನಸ್ಸೂ ಹಾಗೇ ಹೇಳುತ್ತಿತ್ತು. ಅವಳ ಕೆಮ್ಮು ಕೇಳಿಕೊಂಡು ಪಕ್ಕದ ಕೋಣೆಯಲ್ಲಿ ಮಲಗಿದವಳಿಗೆ ‘ಮರುಭೂಮಿ’ಗಿಂತ ದೊಡ್ಡ ಪದಗಳೇ ನೆನಪಾಗುತ್ತಿದ್ದವು. ಆದರೆ ಕ್ರಷರಿಗೆ ಜಾಗ ಮಾಡಲು ಆ ಇಳಿಜಾರಿನ ಮರಗಳನ್ನು ಕಡಿದಿದ್ದರು. ಉಳಿದ ಆರು ಹಲಸು ಈಗ ಬಟಾಬಯಲಿನ ಬಿಸಿಲಿನಲ್ಲಿ ನಿಂತಿವೆ. ಆಚೆ ಮಗ್ಗುಲಿನವು ನೆರಳಲ್ಲಿ, ತಂಪಿನಲ್ಲಿ. ನೆರಳು ಹೋದರೂ ಕಲ್ಲುಹೂವು ಒಣಗುತ್ತದೆ. ಹಾಗಾಗಿ ಆರು ಮರಗಳ ಕಥೆಯಲ್ಲಿ ಧೂಳಿನ ಪಾಲೆಷ್ಟು, ಬಿಸಿಲಿನ ಪಾಲೆಷ್ಟು ಎಂದು ಬಿಡಿಸಲಾಗದು. ಇದನ್ನು ಹೇಳಿದಾಗ ಚಿಕ್ಕಪ್ಪನಿಗೆ ಸಿಟ್ಟೇ ಬಂತು. ‘ನೀ ಯಾರ ಕಡೆ?’ ಎಂದರು. ಆ ರಾತ್ರಿ ಊಟಕ್ಕೆ ಕುಳಿತಾಗ ಮಾತಿಲ್ಲ.

ಮರುದಿನ ಇನ್ನೊಂದು ಕೆಲಸ ಮಾಡಿದೆವು. ಮೂರೂ ಕಡೆಯ ಹಲಸಿನ ಮರಗಳಿಂದ ಒಂದೇ ಎತ್ತರದ, ಒಂದೇ ಸಂಖ್ಯೆಯ ಎಲೆಗಳನ್ನು ಕಿತ್ತು, ಬೇರೆ ಬೇರೆ ಡಬ್ಬಿಯಲ್ಲಿ ಶುದ್ಧ ನೀರಿನಿಂದ ತೊಳೆದು, ಆ ನೀರನ್ನು ಬೆಂಗಳೂರಿಗೆ ತಂದು ಲ್ಯಾಬಿನಲ್ಲಿ ಆವಿ ಮಾಡಿ ಉಳಿದ ಧೂಳನ್ನು ತೂಗಿದೆ. ಮನೆಯ ಸುತ್ತಿನ ಮರಗಳಿಗೆ ಹೊಸ ಬಿಸಿಲು ಬಿದ್ದಿರಲಿಲ್ಲ, ಆದರೂ ಅವುಗಳ ಎಲೆಯ ಧೂಳು ಆಚೆ ಮಗ್ಗುಲಿನದಕ್ಕಿಂತ ಎದ್ದು ಕಾಣುವಷ್ಟು ಹೆಚ್ಚಿತ್ತು. ಚಳಿಗಾಲದಲ್ಲಿ ಗಾಳಿ ಬೀಸುವುದು ಪೂರ್ವದಿಂದ. ಕ್ರಷರ್ ಇರುವುದೂ ಮನೆಯ ಪೂರ್ವಕ್ಕೆ. ಕಲ್ಲುಹೂವಿನ ಅಂಚು ಬಿಳಿಚಿದ್ದೂ ಅದೇ ಮಗ್ಗುಲಲ್ಲಿ. ಈ ಮೂರು ಮಾತು ಒಂದೇ ಕಡೆ ಬೆರಳು ತೋರಿಸಿದಾಗ ಸ್ವಲ್ಪ ಧೈರ್ಯ ಬಂತು. ಆದರೂ ತಂಗಿಯ ಶ್ವಾಸಕೋಶಕ್ಕೆ ಇಳಿಯುವ ಸೂಕ್ಷ್ಮ ಕಣ ಎಷ್ಟು ಎಂದು ಹಲಸಿನ ಎಲೆ ಹೇಳದು. ಅದಕ್ಕೆ ಯಂತ್ರವೇ ಬೇಕು.

ಹಾಗಾಗಿ ನಾವು ಸರ್ಟಿಫಿಕೇಟ್ ಬರೆಯಲಿಲ್ಲ. ಎರಡು ಪುಟದ ಅರ್ಜಿ ಬರೆದೆವು. ಹದಿನೆಂಟು ಮರಗಳ ನಕ್ಷೆ, ಎಣಿಕೆ, ಫೋಟೊ, ಎಲೆಧೂಳಿನ ತೂಕ, ಬಿಸಿಲಿನ ಅನುಮಾನವನ್ನೂ ಸೇರಿಸಿ. ಕೊನೆಯಲ್ಲಿ ಕೇಳಿದ್ದು ಇಷ್ಟೇ: ಜನವರಿಯಿಂದ ಮಾರ್ಚ್ ಒಳಗೆ, ಕ್ರಷರ್ ನಡೆಯುತ್ತಿರುವ ದಿನ, ನಕ್ಷೆಯ 7, 9 ಮತ್ತು 12ನೇ ಮರಗಳ ಬಳಿ ಯಂತ್ರ ಇಟ್ಟು ಅಳೆಯಿರಿ. ಚಿಕ್ಕಪ್ಪನ ಹಿಂದಿನ ಅರ್ಜಿಗಳಲ್ಲಿ ‘ವಿಪರೀತ ಧೂಳು, ಕ್ರಮ ಕೈಗೊಳ್ಳಿ’ ಎಂದಿತ್ತು. ಅದಕ್ಕೆ ‘ಮಿತಿಯೊಳಗಿದೆ’ ಎಂದು ಉತ್ತರಿಸುವುದು ಸುಲಭ. 7ನೇ ಮರದ ಬಳಿ ಅಳೆಯಿರಿ ಎಂದರೆ ಅಳೆದೆವು ಎನ್ನಬೇಕು, ಇಲ್ಲವೇ ಅಳೆಯಲಿಲ್ಲ ಎನ್ನಬೇಕು. ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡವರು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ, ‘ಇದನ್ನ ಯಾವ ಏಜೆನ್ಸಿ ಮಾಡಿದ್ದು?’ ಎಂದು ಕೇಳಿದರು. ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬಂದಿದ್ದೇವೆ.

ಇದರಿಂದ ಕೆಲಸ ಸಿಗುತ್ತದಾ ಎಂದು ಪಿ.ಜಿ.ಯ ಗೆಳತಿಯರು ಕೇಳುತ್ತಾರೆ. ಕಲ್ಲುಹೂವು ಎಣಿಸುವವರು ಬೇಕಾಗಿದ್ದಾರೆ ಎಂಬ ಜಾಹೀರಾತನ್ನು ನಾನಂತೂ ಕಂಡಿಲ್ಲ. ಆದರೆ ಪರಿಸರ ಪರಿಣಾಮ ವರದಿ ತಯಾರಿಸುವ ಸಂಸ್ಥೆಗಳು ಮಾನ್ಯತೆಗಾಗಿ ಜೀವಿಪರಿಸರ ಮತ್ತು ವಾಯುಮಾಲಿನ್ಯ ವಿಷಯಗಳಿಗೆ ಪರಿಣತರನ್ನು ಇಟ್ಟುಕೊಳ್ಳಲೇಬೇಕು, ಅವರ ಕೈಕೆಳಗೆ ಕ್ಷೇತ್ರಕಾರ್ಯ ಬಲ್ಲವರೂ ಬೇಕು. ಕಳೆದ ತಿಂಗಳು ಅಂತಹ ಒಂದು ಸಂದರ್ಶನಕ್ಕೆ ಹೋದಾಗ ನನ್ನ ಅಂಕಪಟ್ಟಿಗಿಂತ ಹೆಚ್ಚು ಹೊತ್ತು ಅವರು ಕೇಳಿದ್ದು ನೀಲಗಿರಿ ತೊಗಟೆಯ ತಪ್ಪಿನ ಬಗ್ಗೆ. ಫಲಿತಾಂಶ ಇನ್ನೂ ಬಂದಿಲ್ಲ.

ನೀವೂ ಶುರುಮಾಡುವುದಾದರೆ ಒಂದು ಮಾತು. ಕಲ್ಲುಹೂವನ್ನು ಕೆರೆದು ತರಬೇಡಿ, ಅದು ಮತ್ತೆ ಅಷ್ಟು ಬೆಳೆಯಲು ವರ್ಷಗಳೇ ಬೇಕು. ಫೋಟೊ ಸಾಕು. ಮೊದಲ ವರ್ಷ ಹೆಸರು ಗೊತ್ತಾಗದಿದ್ದರೂ ಚಿಂತೆಯಿಲ್ಲ, ಮೂರು ಬಗೆ ಬೇರ್ಪಡಿಸಿ ಎಣಿಸಿದರೂ ನಡೆಯುತ್ತದೆ. ಮರದ ಜಾತಿ, ದಿಕ್ಕು, ದಿನಾಂಕ, ಸುಣ್ಣ ಇವನ್ನು ಮಾತ್ರ ಬರೆಯದೆ ಬಿಡಬೇಡಿ.

ಚಿಕ್ಕಪ್ಪನ ಸಿಟ್ಟು ಇಳಿದಿದೆ. ಈಗ ಅವರೇ ವಾರಕ್ಕೊಮ್ಮೆ ಹದಿನೆಂಟೂ ಮರ ಸುತ್ತಿ ಬರುತ್ತಾರೆ. ಮೊನ್ನೆ ಬೆಳಿಗ್ಗೆ ವಾಟ್ಸ್ಆ್ಯಪಿನಲ್ಲಿ ಒಂದು ಫೋಟೊ, ಹಿಂದೆಯೇ ಧ್ವನಿ ಸಂದೇಶ: ‘ನೋಡು ಮಾರಾಯ್ತಿ, ಒಂಬತ್ತನೇ ನಂಬರಿನ ಮರದ ಪೂರ್ವ ಬದಿಗೆ ಹೊಸ ಕಲ್ಲುಹೂವು ಬಂದಂಗಿದೆ, ಬೆಳ್ಳಗೆ.’ ಜೂಮ್ ಮಾಡಿ ನೋಡಿದೆ. ಹಕ್ಕಿ ಹಿಕ್ಕೆ. ಹೇಳಿದ್ದಕ್ಕೆ ಒಂದು ನಗುಮುಖ ಕಳಿಸಿ, ‘ಆಯ್ತು, ಅದನ್ನೂ ಬರೆದಿಟ್ಕೊಂಡಿದೀನಿ’ ಎಂದರು.